ಕೆಲಸ ಹೋದ ಮೇಲೆ ಕಟ್ಟಿದ ಪಿಆರ್ ಸಂಸ್ಥೆಗೆ ಉದ್ಯಮ್ ನೋಂದಣಿ ಎಷ್ಟರಮಟ್ಟಿಗೆ ಒದಗಿತು: ಒಂದು ವಿಮರ್ಶೆ

2023ರ ಜೂನ್‌ನಲ್ಲಿ ನನ್ನ ಕೆಲಸ ಹೋಯಿತು. ಹದಿನೇಳು ವರ್ಷ ಸಾರ್ವಜನಿಕ ಸಂಪರ್ಕದ (ಪಿಆರ್) ಕ್ಷೇತ್ರದಲ್ಲಿ, ಅದರಲ್ಲೂ ಕೊನೆಯ ಒಂಬತ್ತು ವರ್ಷ ಬೆಂಗಳೂರಿನ ಒಂದೇ ಕಂಪನಿಯ ಸಂವಹನ ವಿಭಾಗದಲ್ಲಿ ದುಡಿದಿದ್ದ ನನ್ನ ಕೈಗೆ, ಆ ವಿಭಾಗವನ್ನು ಮುಚ್ಚಲಾಗುತ್ತಿದೆ ಎಂದು ತಿಳಿಸುವ ಒಂದು ಪುಟದ ಪತ್ರ ಮತ್ತು ಮೂರು ತಿಂಗಳ ಸಂಬಳ ಬಂದವು. ನಾಲ್ಕು ತಿಂಗಳು ಕೆಲಸ ಹುಡುಕಿದೆ. ನಲವತ್ತೈದು ದಾಟಿದವರಿಗೆ ಸಂದರ್ಶನದಲ್ಲಿ ಸಿಗುವ ಮರ್ಯಾದೆ ದೊಡ್ಡದು, ಆಮೇಲೆ ಬರುವ ಉತ್ತರ ಮಾತ್ರ ಬರುವುದೇ ಇಲ್ಲ ಎಂಬುದು ಆ ನಾಲ್ಕು ತಿಂಗಳಲ್ಲಿ ಗೊತ್ತಾಯಿತು. ಹೀಗಿರುವಾಗ, ಚಿತ್ರದುರ್ಗದ ಕಡೆ ಗಾಣದ ಎಣ್ಣೆ ತಯಾರಿಸುವ ಪರಿಚಿತರೊಬ್ಬರು ಫೋನ್ ಮಾಡಿ, “ನಮ್ಮ ವಿಷಯ ಪೇಪರಿನಲ್ಲಿ ಬರೋ ಹಾಗೆ ಮಾಡಿಕೊಡ್ತೀರಾ ಮೇಡಂ? ಎಷ್ಟಾಗುತ್ತೆ ಹೇಳಿ, ಬಿಲ್ ಕೊಡಿ” ಎಂದರು. ಬಿಲ್ ಎಂಬ ಆ ಮಾತಿನಿಂದಲೇ ನನ್ನ ಸಂಸ್ಥೆ ಆರಂಭವಾಯಿತು ಎನ್ನಬಹುದು, ಏಕೆಂದರೆ ಅಲ್ಲಿಯವರೆಗೆ ಬಿಲ್ ಕೊಡಲು ನನಗೆ ಒಂದು ಹೆಸರೂ ಇರಲಿಲ್ಲ, ಚಾಲ್ತಿ ಖಾತೆಯೂ ಇರಲಿಲ್ಲ.

ಇಲ್ಲಿ ನಾನು ವಿಮರ್ಶಿಸುತ್ತಿರುವುದು ಆ ದಾರಿಯಲ್ಲಿ ಬಳಸಿದ ಒಂದೇ ಒಂದು ಸೇವೆಯನ್ನು: ಕೇಂದ್ರ ಸರ್ಕಾರದ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಸಚಿವಾಲಯ 2020ರ ಜುಲೈ 1ರಿಂದ ನಡೆಸುತ್ತಿರುವ ಉದ್ಯಮ್ ನೋಂದಣಿ. ಈ ಸೇವೆಯ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಅದನ್ನು ಸಾಲ ಪಡೆಯುವ ದಾರಿಯಾಗಿ ಪರಿಚಯಿಸುತ್ತಾರೆ. ಯಂತ್ರ ಕೊಳ್ಳಬೇಕಾದವರಿಗೆ ಅದು ಸರಿಯೇ ಇರಬಹುದು. ಒಂದು ಲ್ಯಾಪ್‌ಟಾಪ್, ಒಂದು ಫೋನ್ ಮತ್ತು ವರದಿಗಾರರ ಜೊತೆಗಿನ ಹಳೆಯ ಒಡನಾಟದ ಮೇಲೆ ನಡೆಯುವ ಪಿಆರ್ ಸಂಸ್ಥೆಗೆ ಸಾಲದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಮಾಡಿದ ಕೆಲಸದ ಹಣ ಹೊತ್ತಿಗೆ ಸರಿಯಾಗಿ ಕೈ ಸೇರುವುದೇ ನಮ್ಮ ಪಾಲಿಗೆ ಬಂಡವಾಳ. ಉದ್ಯಮ್ ನೋಂದಣಿಯ ನಿಜವಾದ ಬೆಲೆ ಇರುವುದು ಆ ಹಣದ ವಿಷಯದಲ್ಲಿ, ಮತ್ತು ಆ ಬೆಲೆ ದಕ್ಕುವುದು ಜಗಳ ಬಂದ ಮೇಲೆ ಅಲ್ಲ, ಕೆಲಸ ಒಪ್ಪಿಕೊಳ್ಳುವ ದಿನವೇ ಎಂಬುದು ಎರಡು ವರ್ಷಕ್ಕೂ ಮೇಲ್ಪಟ್ಟ ಬಳಕೆಯ ನಂತರ ನಾನು ಕಂಡುಕೊಂಡದ್ದು.

ನೋಂದಣಿಯ ಪ್ರಕ್ರಿಯೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಏಕೆಂದರೆ ಅದು ಸರಳವಾಗಿದೆ. ಆಧಾರ್ ಸಂಖ್ಯೆ, ಅದಕ್ಕೆ ಜೋಡಿಸಿದ ಮೊಬೈಲ್‌ಗೆ ಬರುವ ಒಟಿಪಿ, ಪ್ಯಾನ್, ವಿಳಾಸ, ಬ್ಯಾಂಕ್ ಖಾತೆಯ ವಿವರ, ಮಾಡುವ ಕೆಲಸದ ವರ್ಗ, ಹೂಡಿಕೆ ಮತ್ತು ವಹಿವಾಟು ಇವಿಷ್ಟನ್ನು ತುಂಬಬೇಕು. ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡಬೇಕಾಗಿಲ್ಲ, ಶುಲ್ಕ ಇಲ್ಲ, ವರ್ಷ ವರ್ಷ ನವೀಕರಿಸುವ ಗೋಜೂ ಇಲ್ಲ. ಒಬ್ಬರೇ ಮಾಲೀಕರಾಗಿರುವ ಸಂಸ್ಥೆಗೆ ಮಾಲೀಕರ ಆಧಾರ್ ಮತ್ತು ಪ್ಯಾನ್ ಸಾಕು. ಮನೆಯ ವಿಳಾಸವನ್ನೇ ಕಚೇರಿಯ ವಿಳಾಸವಾಗಿ ಕೊಟ್ಟು, ಊಟದ ಮೇಜಿನ ಮೇಲೆ ಕುಳಿತು, ಅರ್ಧ ಗಂಟೆಯೊಳಗೆ ನಾನು ಇದನ್ನು ಮುಗಿಸಿದೆ. ರಾಜ್ಯ ಮತ್ತು ಜಿಲ್ಲೆಯ ಸಂಕೇತ, ಅದರ ಮುಂದೆ ಏಳು ಅಂಕಿಗಳಿರುವ ನೋಂದಣಿ ಸಂಖ್ಯೆ ಮತ್ತು ಕ್ಯೂಆರ್ ಸಂಕೇತವಿರುವ ಪ್ರಮಾಣಪತ್ರ ದೊರೆಯುತ್ತದೆ. ಬ್ಯಾಂಕಿನಲ್ಲಿ ಸಂಸ್ಥೆಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆಯಲು ವ್ಯವಹಾರ ನಡೆಸುತ್ತಿರುವುದಕ್ಕೆ ಕೊಡಬೇಕಾದ ದಾಖಲೆಗಳಲ್ಲಿ ಒಂದಾಗಿ ಆ ಪ್ರಮಾಣಪತ್ರವನ್ನು ಕೊಡಬಹುದು.

ಎರಡು ಕಡೆ ಮಾತ್ರ ಎಚ್ಚರ ಬೇಕು. ಮೊದಲನೆಯದು, ಅಂತರ್ಜಾಲದಲ್ಲಿ ಹುಡುಕಿದಾಗ ಸರ್ಕಾರದ ತಾಣದಂತೆಯೇ ತೋರುವ, ನೋಂದಣಿಗೆ ಸಾವಿರಾರು ರೂಪಾಯಿ ಕೇಳುವ ಖಾಸಗಿ ತಾಣಗಳು ಎದುರಾಗುತ್ತವೆ. ಅಂಥದೊಂದರಲ್ಲಿ ನಾನು ಹಣ ಪಾವತಿಸುವ ಪುಟದವರೆಗೂ ಹೋಗಿ, ಉಚಿತ ಎಂದು ಆಡಿಟರ್ ಹೇಳಿದ್ದು ನೆನಪಾಗಿ ಹಿಂದೆ ಬಂದೆ. ವಿಳಾಸದ ಕೊನೆಯಲ್ಲಿ ‘ಜಿಒವಿ ಡಾಟ್ ಇನ್’ ಇದೆಯೇ ಎಂದು ನೋಡಿಕೊಂಡೇ ಆಧಾರ್ ಸಂಖ್ಯೆ ಬರೆಯಬೇಕು. ಎರಡನೆಯದು ನಮ್ಮ ವೃತ್ತಿಗೆ ಸೇರಿದ್ದು. ಕೆಲಸದ ವರ್ಗವನ್ನು ರಾಷ್ಟ್ರೀಯ ಕೈಗಾರಿಕಾ ವರ್ಗೀಕರಣದ ಪಟ್ಟಿಯಿಂದ ಆರಿಸಬೇಕಾಗುತ್ತದೆ. ಪಿಆರ್ ಎಂದರೆ ಜಾಹೀರಾತಿನ ತಮ್ಮ ಎಂದುಕೊಂಡಿರುವ ನಮ್ಮಲ್ಲಿ ಅನೇಕರು 73ರ ವಿಭಾಗದ ಜಾಹೀರಾತಿಗೆ ಗುರುತು ಹಾಕಿಬಿಡುತ್ತಾರೆ. 2008ರ ಈ ವರ್ಗೀಕರಣಕ್ಕೆ ಆಧಾರವಾದ ಅಂತರರಾಷ್ಟ್ರೀಯ ಪಟ್ಟಿ ಸಾರ್ವಜನಿಕ ಸಂಪರ್ಕವನ್ನು ಜಾಹೀರಾತಿನಿಂದ ಹೊರಗಿಟ್ಟು, 70ರ ವಿಭಾಗದ ಆಡಳಿತ ಸಲಹೆಯ ಜೊತೆ ಸೇರಿಸುತ್ತದೆ. ಇದು ಬರೀ ಗುಮಾಸ್ತಿಕೆಯ ವಿಷಯ ಎನಿಸಬಹುದು. ಆದರೆ ನಾವು ಮಾರುವುದು ಪತ್ರಿಕೆಯ ಜಾಗವನ್ನಲ್ಲ, ಸಲಹೆ ಮತ್ತು ದುಡಿಮೆಯನ್ನು ಎಂಬುದನ್ನು ಈ ವರ್ಗೀಕರಣವೇ ಹೇಳುತ್ತದೆ, ಮತ್ತು ಹಣದ ತಕರಾರುಗಳೆಲ್ಲ ಹುಟ್ಟುವುದು ಆ ವ್ಯತ್ಯಾಸ ಗ್ರಾಹಕರಿಗೆ ತಿಳಿಯದಿದ್ದಾಗಲೇ.

ನೋಂದಣಿಯಿಂದ ಏನೇನು ಸಿಗುವುದಿಲ್ಲ ಎಂಬುದನ್ನೂ ಹೇಳಬೇಕು. ಅದು ಜಿಎಸ್‌ಟಿ ನೋಂದಣಿಗೆ ಬದಲಿಯಲ್ಲ. ಸೇವೆ ಮಾರುವವರ ವಾರ್ಷಿಕ ವಹಿವಾಟು ಕರ್ನಾಟಕದಲ್ಲಿ 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ಕಡ್ಡಾಯ, ದರ ಶೇ 18. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇರೆಯೇ. ಉದ್ಯಮ್ ಪ್ರಮಾಣಪತ್ರ ನಮ್ಮ ಕೆಲಸದ ಗುಣಮಟ್ಟಕ್ಕೆ ಸಾಕ್ಷಿಯೂ ಅಲ್ಲ, ಏಕೆಂದರೆ ಅದು ನಾವೇ ಕೊಟ್ಟ ಹೇಳಿಕೆಯ ಮೇಲೆ ಸಿಗುವಂಥದು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದರೆ ಗ್ರಾಹಕರು ಬರುವುದಿಲ್ಲ.

ಇನ್ನು ಹಣದ ವಿಷಯ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯ 15ನೆಯ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಸರಕು ಇಲ್ಲವೇ ಸೇವೆ ಪಡೆದವರು ಲಿಖಿತ ಒಪ್ಪಂದದಲ್ಲಿ ಹೇಳಿದ ದಿನದೊಳಗೆ ಹಣ ಕೊಡಬೇಕು, ಮತ್ತು ಆ ಅವಧಿ ಏನೇ ಆದರೂ 45 ದಿನ ಮೀರುವಂತಿಲ್ಲ. ಹಣ ಕೊಡುವ ದಿನದ ಬಗ್ಗೆ ಒಪ್ಪಂದವೇ ಇಲ್ಲದಿದ್ದರೆ ಇರುವ ಗಡುವು 15 ದಿನ. ಇದನ್ನು ಮೀರಿದರೆ 16ನೆಯ ಸೆಕ್ಷನ್ ಪ್ರಕಾರ ರಿಸರ್ವ್ ಬ್ಯಾಂಕ್ ಗೊತ್ತುಪಡಿಸುವ ಬಡ್ಡಿದರವಾದ ‘ಬ್ಯಾಂಕ್ ದರ’ದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳು ತಿಂಗಳು ಅಸಲಿಗೆ ಸೇರುವ ಚಕ್ರಬಡ್ಡಿಯಾಗಿ, ಕೊಡಬೇಕಾಗುತ್ತದೆ. 2024ರಲ್ಲಿ ಬ್ಯಾಂಕ್ ದರ ಶೇ 6.75 ಇತ್ತು. ಅಂದರೆ ಬಡ್ಡಿ ವರ್ಷಕ್ಕೆ ಶೇ 20.25. ದೊಡ್ಡ ಕಂಪನಿಗಳ ಒಪ್ಪಂದದ ನಮೂನೆಗಳಲ್ಲಿ 60 ದಿನ, 90 ದಿನ ಎಂದು ಅಚ್ಚಾಗಿರುವುದನ್ನು ನೋಡಿ ಹೊಸಬರು ಅದೇ ಕಾನೂನು ಎಂದುಕೊಳ್ಳುತ್ತಾರೆ. ನೋಂದಣಿಯಾದ ಸೂಕ್ಷ್ಮ ಉದ್ಯಮದ ಎದುರು ಆ 90 ದಿನಕ್ಕೆ ಬೆಲೆಯಿಲ್ಲ.

ಇದಕ್ಕೆ ಬಲ ಬಂದದ್ದು ಆದಾಯ ತೆರಿಗೆಯ ಒಂದು ತಿದ್ದುಪಡಿಯಿಂದ. 2023ರ ಹಣಕಾಸು ಕಾಯ್ದೆ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಸೆಕ್ಷನ್‌ಗೆ ಸೇರಿಸಿದ ‘ಎಚ್’ ಉಪವಾಕ್ಯದ ಪ್ರಕಾರ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಮೇಲೆ ಹೇಳಿದ ಗಡುವು ಮೀರಿ ಬಾಕಿ ಉಳಿಸಿಕೊಂಡರೆ, ನಿಜವಾಗಿ ಪಾವತಿಸಿದ ವರ್ಷದಲ್ಲಿ ಮಾತ್ರ ಅದನ್ನು ಖರ್ಚೆಂದು ತೋರಿಸಿ ತೆರಿಗೆ ಕಡಿಮೆ ಮಾಡಿಕೊಳ್ಳಬಹುದು. 2023–24ರ ಆರ್ಥಿಕ ವರ್ಷದ ಲೆಕ್ಕಕ್ಕೆ ಇದು ಮೊದಲ ಬಾರಿ ಅನ್ವಯಿಸಿತು. ಕಾಕತಾಳೀಯವಾಗಿ ಅದು ನನ್ನ ಸಂಸ್ಥೆಯ ಮೊದಲ ವರ್ಷವೂ ಆಗಿತ್ತು. ಇದರ ಜೊತೆಗೆ, ಇಂಥ ಉದ್ಯಮಗಳಿಗೆ 45 ದಿನ ಮೀರಿದ ಬಾಕಿ ಇರುವ ಕಂಪನಿಗಳು ಅದಕ್ಕೆ ಕಾರಣವನ್ನೂ ಸೇರಿಸಿ ಆರು ತಿಂಗಳಿಗೊಮ್ಮೆ ಕಂಪನಿಗಳ ನೋಂದಣಾಧಿಕಾರಿಗೆ ವಿವರ ಸಲ್ಲಿಸಬೇಕೆಂಬ ನಿಯಮ 2019ರಿಂದಲೇ ಇದೆ. ಮಾರ್ಚ್ ತಿಂಗಳು ಬಂತೆಂದರೆ ಕಂಪನಿಗಳ ಅಕೌಂಟ್ಸ್ ವಿಭಾಗದವರು ತಾವಾಗಿಯೇ ಕರೆ ಮಾಡಿ “ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ” ಎಂದು ಕೇಳುವುದಕ್ಕೆ ಇವೆರಡೇ ಕಾರಣ.

ನನಗೆ ಇದರ ಅನುಭವವಾದದ್ದು ಆ ಮೊದಲ ಮಾರ್ಚ್‌ನಲ್ಲೇ. ಆರೋಗ್ಯ ಕ್ಷೇತ್ರದ ಒಂದು ಕಂಪನಿಗೆ ತಿಂಗಳಿಗೆ 60,000 ರೂಪಾಯಿಯಂತೆ ನವೆಂಬರ್‌ನಿಂದ ಜನವರಿಯವರೆಗೆ ಕೆಲಸ ಮಾಡಿದ್ದೆ. ಆರು ಪತ್ರಿಕಾ ಪ್ರಕಟಣೆಗಳನ್ನು ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಬರೆದಿದ್ದೆ, ಕಬ್ಬನ್ ಪಾರ್ಕಿನ ಪ್ರೆಸ್ ಕ್ಲಬ್‌ನಲ್ಲಿ ಒಂದು ಸುದ್ದಿಗೋಷ್ಠಿ ಏರ್ಪಡಿಸಿದ್ದೆ, ಇಬ್ಬರು ವೈದ್ಯರಿಗೆ ಸುದ್ದಿವಾಹಿನಿಗಳ ಪ್ರಶ್ನೆಗಳನ್ನು ಎದುರಿಸುವ ತಯಾರಿ ಕೊಟ್ಟಿದ್ದೆ. ಒಪ್ಪಂದ ಎಂಬುದು ಒಂದು ಇಮೇಲ್‌ನ ನಾಲ್ಕು ಸಾಲು ಮಾತ್ರ. ಹಣ ಯಾವಾಗ ಎಂಬುದು ಅದರಲ್ಲಿ ಇರಲಿಲ್ಲ. ಮೂರು ಬಿಲ್‌ಗಳು, ಒಟ್ಟು 1,80,000 ರೂಪಾಯಿ, ಹಾಗೆಯೇ ಉಳಿದವು. ಕೇಳಿದಾಗಲೆಲ್ಲ ಆ ಕಂಪನಿಯ ಮಾರುಕಟ್ಟೆ ವಿಭಾಗದ ಮುಖ್ಯಸ್ಥರು ಹೇಳುತ್ತಿದ್ದದ್ದು ಒಂದೇ: “ಸುದ್ದಿ ಬಂದಿರೋದು ನಾಲ್ಕೇ ಪೇಪರಿನಲ್ಲಿ, ಅದಕ್ಕೆ ಇಷ್ಟು ಹೇಗೆ ಕೊಡೋದು?”

ಸಂಬಳದಲ್ಲಿದ್ದವರಿಗೆ ಈ ಮಾತು ಎಷ್ಟು ನೋಯಿಸುತ್ತದೆ ಎಂಬುದು ಗೊತ್ತಾಗುವುದಿಲ್ಲ. ಸಂಬಳದ ಕಾಲದಲ್ಲಿ ಸುದ್ದಿ ಬಾರದ ದಿನವೂ ತಿಂಗಳ ಕೊನೆ ಬರುತ್ತಿತ್ತು. ಈಗ ಮನೆಯ ಕಂತು, ಅಮ್ಮನ ಔಷಧಿ, ಮಗಳ ಕಾಲೇಜಿನ ಶುಲ್ಕ ಇವೆಲ್ಲ ಆ ಮೂರು ಬಿಲ್‌ಗಳ ಮೇಲೆ ನಿಂತಿದ್ದವು. ಆದರೆ ತಪ್ಪಿನ ಒಂದು ಪಾಲು ನನ್ನದೂ ಆಗಿತ್ತು. ನಾನು ಏನನ್ನು ಮಾರುತ್ತಿದ್ದೇನೆ ಎಂಬುದನ್ನು ಎಲ್ಲಿಯೂ ಬರೆದು ಕೊಟ್ಟಿರಲಿಲ್ಲ. 1906ರಲ್ಲಿ ಈ ವೃತ್ತಿಯ ಆದ್ಯರಲ್ಲೊಬ್ಬರಾದ ಅಮೆರಿಕದ ಐವಿ ಲೀ ತಮ್ಮ ತತ್ವಗಳ ಘೋಷಣೆಯನ್ನು ಪತ್ರಿಕೆಗಳಿಗೆ ಕಳುಹಿಸಿದಾಗಲೇ, ತಮ್ಮದು ಜಾಹೀರಾತು ಸಂಸ್ಥೆಯಲ್ಲ, ಕಳುಹಿಸಿದ ವಿಷಯ ಜಾಹೀರಾತು ವಿಭಾಗಕ್ಕೆ ಸೇರತಕ್ಕದ್ದು ಎನಿಸಿದರೆ ಅದನ್ನು ಬಳಸಬೇಡಿ ಎಂದು ಸಂಪಾದಕರಿಗೆ ಸ್ಪಷ್ಟವಾಗಿ ತಿಳಿಸಿದ್ದರು. ಪ್ರಕಟಿಸುವುದು, ಬಿಡುವುದು ಸಂಪಾದಕರ ಹಕ್ಕು. ಆ ಹಕ್ಕನ್ನು ಒಪ್ಪಿಕೊಂಡೇ ನಡೆಯುವ ವೃತ್ತಿ ಇದು ಎಂದ ಮೇಲೆ, ಪ್ರಕಟವಾದ ಸುದ್ದಿಯ ಲೆಕ್ಕದಲ್ಲಿ ಶುಲ್ಕ ಪಡೆಯುವುದು ಹೇಗೆ ಸರಿಯಾದೀತು? ಸುದ್ದಿಯ ಕಾಲಂ ಸೆಂಟಿಮೀಟರ್ ಅಳೆದು, ಅದಕ್ಕೆ ಜಾಹೀರಾತಿನ ದರ ಕಟ್ಟಿ, ‘ಇಷ್ಟು ಲಕ್ಷದ ಪ್ರಚಾರ’ ಎಂದು ತೋರಿಸುವ ರೂಢಿ ನಮ್ಮ ಏಜೆನ್ಸಿಗಳಲ್ಲಿ ಇಂದಿಗೂ ಇದೆ. ಆ ಅಳತೆ ಸಂವಹನದ ಬೆಲೆಯನ್ನು ಹೇಳುವುದಿಲ್ಲ ಎಂದು 2010ರಲ್ಲಿ ಬಾರ್ಸಿಲೋನಾದಲ್ಲಿ ಈ ವೃತ್ತಿಯವರೇ ಸೇರಿ ಒಪ್ಪಿಕೊಂಡ ತತ್ವಗಳು ಹೇಳಿವೆ. ಗ್ರಾಹಕರಿಗೆ ಆ ಅಳತೆಯನ್ನು ಕಲಿಸಿದವರು ನಾವೇ ಆದ್ದರಿಂದ, ಅದೇ ಅಳತೆಯಿಂದ ಅವರು ಬಿಲ್ ಕಡಿತ ಮಾಡಲು ಹೊರಟಾಗ ಅವರನ್ನೊಬ್ಬರನ್ನೇ ದೂರುವುದು ನ್ಯಾಯವಲ್ಲ.

ಆಡಿಟರ್ ಹೇಳಿಕೊಟ್ಟಂತೆ ಮಾರ್ಚ್ ಮೊದಲ ವಾರದಲ್ಲಿ ಒಂದು ಪತ್ರ ಬರೆದೆ. ಅದನ್ನು ಮಾರುಕಟ್ಟೆ ವಿಭಾಗಕ್ಕೆ ಅಲ್ಲ, ಅಕೌಂಟ್ಸ್ ವಿಭಾಗದ ಮುಖ್ಯಸ್ಥರಿಗೆ ಕಳುಹಿಸಿದೆ. ಉದ್ಯಮ್ ಸಂಖ್ಯೆ, ನೋಂದಣಿಯ ದಿನಾಂಕ, ಮೂರು ಬಿಲ್‌ಗಳ ದಿನಾಂಕ, ಪ್ರತಿ ತಿಂಗಳು ಮಾಡಿದ ಕೆಲಸದ ಪಟ್ಟಿ, 15ನೆಯ ಸೆಕ್ಷನ್‌ನ ಗಡುವು ಇವನ್ನು ಬರೆದು, ಮಾರ್ಚ್ 31ರೊಳಗೆ ಪಾವತಿಯಾಗದಿದ್ದರೆ ಈ ಮೊತ್ತವನ್ನು ಆ ವರ್ಷದ ಖರ್ಚಾಗಿ ತೋರಿಸಲು ಬರುವುದಿಲ್ಲ ಎಂಬುದನ್ನು ಅವರ ಗಮನಕ್ಕೆ ತಂದೆ. ಬೆದರಿಕೆಯ ಒಂದು ಪದವೂ ಅದರಲ್ಲಿ ಇರಲಿಲ್ಲ. ಇನ್ನೊಂದು ಅಂಶವೂ ನನ್ನ ಪರವಾಗಿತ್ತು. ಸೇವೆ ಸಂದ ದಿನದಿಂದ 15 ದಿನಗಳೊಳಗೆ ಲಿಖಿತವಾಗಿ ಆಕ್ಷೇಪಿಸದಿದ್ದರೆ, ಸೇವೆ ಸಂದ ದಿನವನ್ನೇ ಸ್ವೀಕಾರದ ದಿನವೆಂದು ಕಾಯ್ದೆ ಎಣಿಸುತ್ತದೆ. ನಾಲ್ಕೇ ಪೇಪರ್ ಎಂಬ ತಕರಾರು ಫೋನಿನಲ್ಲಿ ಮಾತ್ರ ಬಂದಿತ್ತು, ಬರಹದಲ್ಲಿ ಎಂದೂ ಬಂದಿರಲಿಲ್ಲ. ಹನ್ನೊಂದು ದಿನಗಳ ನಂತರ ಪೂರ್ತಿ ಹಣ ಖಾತೆಗೆ ಬಂತು. ತಿಂಗಳಿಗೆ ಸುಮಾರು 3,000 ರೂಪಾಯಿಯಂತೆ ಬರಬೇಕಾಗಿದ್ದ ಬಡ್ಡಿಯನ್ನು ನಾನು ಕೇಳಲಿಲ್ಲ. ಆ ಗ್ರಾಹಕರು ಮತ್ತೆ ಕೆಲಸ ಕೊಡಲಿಲ್ಲ. ಇದನ್ನೂ ವಿಮರ್ಶೆಯ ಲೆಕ್ಕಕ್ಕೆ ಸೇರಿಸಬೇಕು, ಏಕೆಂದರೆ ಬೆಂಗಳೂರಿನ ಪಿಆರ್ ವಲಯ ಚಿಕ್ಕದು, ಹಕ್ಕು ಕೇಳಿದವರ ಹೆಸರು ಬೇಗ ಹರಡುತ್ತದೆ ಎಂಬ ಭಯದಿಂದ ಎಷ್ಟೋ ಜನ ಸುಮ್ಮನಿರುತ್ತಾರೆ, ಮತ್ತು ಆ ಭಯ ಪೂರ್ತಿ ಸುಳ್ಳಲ್ಲ.

ಪತ್ರಕ್ಕೆ ಬಗ್ಗದಿದ್ದರೆ ಮುಂದಿನ ಮೆಟ್ಟಿಲು ಇದೆ. ಸರ್ಕಾರದ ಪೋರ್ಟಲ್ ಮೂಲಕ ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ಸೌಕರ್ಯ ಮಂಡಳಿಗೆ ದೂರು ಕೊಡಬಹುದು. ಮಂಡಳಿ ಮೊದಲು ರಾಜಿಗೆ ಯತ್ನಿಸುತ್ತದೆ, ಆಗದಿದ್ದರೆ ಪಂಚಾಯ್ತಿಕೆಗೆ ಒಯ್ಯುತ್ತದೆ. ದೂರನ್ನು 90 ದಿನಗಳಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳುತ್ತದೆ. ತೀರ್ಪನ್ನು ಪ್ರಶ್ನಿಸುವ ಖರೀದಿದಾರರು ಅದರಲ್ಲಿ ಹೇಳಿದ ಮೊತ್ತದ ಶೇ 75ರಷ್ಟನ್ನು ಮೊದಲು ಠೇವಣಿ ಇಡಬೇಕು. ನಾನು ಅಲ್ಲಿಯವರೆಗೆ ಹೋಗಿಲ್ಲವಾದ್ದರಿಂದ ಆ ಸೇವೆಗೆ ಅಂಕ ಕೊಡುವುದಿಲ್ಲ. ನೋಂದಣಿಗೆ ಮುಂಚೆ ಮಾಡಿದ ಕೆಲಸಕ್ಕೆ ಈ ರಕ್ಷಣೆ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರಲ್ಲಿ ಬೇರೊಂದು ಪೀಠ ಆ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ಆ ಚರ್ಚೆ ವಕೀಲರಿಗಿರಲಿ. ನಾಳೆ ಕೆಲಸ ಹೋಗಬಹುದೆಂಬ ಅನುಮಾನ ಇರುವವರಿಗೆ, ಇಲ್ಲವೇ ನಿನ್ನೆ ಹೋದವರಿಗೆ ನಾನು ಹೇಳುವುದು, ಮೊದಲ ಬಿಲ್ ಬರೆಯುವ ಮುಂಚೆಯೇ ನೋಂದಣಿ ಮಾಡಿಸಿಕೊಳ್ಳಿ ಎಂದು. ಗ್ರಾಹಕರು ಸಿಕ್ಕಿದ ಮೇಲೆ ನೋಡೋಣ ಎಂದು ಮುಂದೂಡಿದ ಸ್ನೇಹಿತರೊಬ್ಬರು ಆರು ತಿಂಗಳ ದುಡಿಮೆಯ ಹಣಕ್ಕಾಗಿ ಇಂದಿಗೂ ಓಡಾಡುತ್ತಿದ್ದಾರೆ.

ಆ ಮಾರ್ಚ್‌ನ ನಂತರ ನನ್ನ ಕೆಲಸದ ಪದ್ಧತಿಯೇ ಬದಲಾಯಿತು. ಪಿಆರ್ ಸೇವೆ ಸಂದಿತು ಎಂಬುದಕ್ಕೆ ಎಣ್ಣೆಯ ಡಬ್ಬಿಯಂತೆ ಕಣ್ಣಿಗೆ ಕಾಣುವ ವಸ್ತು ಇಲ್ಲ, ಆದ್ದರಿಂದ ಅದನ್ನು ಕಾಣುವಂತೆ ಮಾಡಬೇಕು. ಪ್ರತಿ ತಿಂಗಳ ಕೊನೆಯ ದಿನ ಎರಡು ಪುಟದ ವರದಿ ಕಳುಹಿಸುತ್ತೇನೆ. ಯಾವ ಪ್ರಕಟಣೆ ಯಾವ ದಿನ ಬರೆದದ್ದು, ಯಾವ ಪತ್ರಿಕೆಯ ಯಾವ ವಿಭಾಗಕ್ಕೆ ಕಳುಹಿಸಿದ್ದು, ‘ನುಡಿ’ ಅಕ್ಷರವಿನ್ಯಾಸದಲ್ಲಿ ಕೇಳಿದವರಿಗೆ ನುಡಿಯಲ್ಲಿ, ಯುನಿಕೋಡ್‌ನಲ್ಲಿ ಕೇಳಿದವರಿಗೆ ಯುನಿಕೋಡ್‌ನಲ್ಲಿ ಕೊಟ್ಟದ್ದು, ಯಾವ ಸಂಪಾದಕರು ಯಾವ ಕಾರಣಕ್ಕೆ ಬೇಡವೆಂದರು ಎಂಬುದು ಎಲ್ಲವೂ ಅದರಲ್ಲಿ ಇರುತ್ತದೆ. ಪ್ರಕಟವಾದ ತುಣುಕುಗಳನ್ನು ಜಿಲ್ಲಾ ಆವೃತ್ತಿಗಳಿಂದಲೂ ಹುಡುಕಿ ಲಗತ್ತಿಸುತ್ತೇನೆ, ಏಕೆಂದರೆ ಚಿತ್ರದುರ್ಗದ ಆವೃತ್ತಿಯಲ್ಲಿ ಮೂರು ಕಾಲಂ ಬಂದ ಸುದ್ದಿ ಬೆಂಗಳೂರಿನ ಆವೃತ್ತಿಯಲ್ಲಿ ಒಂದು ಸಾಲೂ ಇರದೆ, ಬೆಂಗಳೂರಿನಲ್ಲಿ ಕುಳಿತ ಗ್ರಾಹಕರು ಏನೂ ಬಂದಿಲ್ಲ ಎಂದುಕೊಂಡುಬಿಡುತ್ತಾರೆ. ಆಕ್ಷೇಪ ಇದ್ದರೆ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕೆಂಬ ಸಾಲು ವರದಿಯ ಕೊನೆಯಲ್ಲಿ, ಉದ್ಯಮ್ ಸಂಖ್ಯೆ ಮತ್ತು ಪಾವತಿಯ ದಿನಾಂಕ ಬಿಲ್‌ನ ತಲೆಯಲ್ಲಿ. ಒಪ್ಪಂದ ಒಂದೇ ಪುಟದ್ದು, ಅದರಲ್ಲಿ 30 ದಿನ ಎಂದು ಬರೆದಿರುತ್ತದೆ, ಪ್ರಕಟಣೆಯ ಭರವಸೆ ಕೊಡುವುದಿಲ್ಲ ಎಂಬುದನ್ನೂ ಬರೆದಿರುತ್ತದೆ. ಇದನ್ನು ನೋಡಿ ಹಿಂದೆ ಸರಿದವರು ಇಬ್ಬರು. ಸಹಿ ಹಾಕಿದ ಒಂಬತ್ತು ಮಂದಿಯಲ್ಲಿ ಯಾರೂ 45 ದಿನ ದಾಟಿಸಿಲ್ಲ. ಕಾನೂನಿನ ಭಯಕ್ಕಿಂತ, ಏನು ಕೊಳ್ಳುತ್ತಿದ್ದೇವೆ ಎಂಬುದು ಅವರಿಗೆ ಮೊದಲ ದಿನವೇ ತಿಳಿದಿರುವುದು ಇದಕ್ಕೆ ಕಾರಣ ಎಂದು ನನ್ನ ನಂಬಿಕೆ.

ಅಂಕ ಕೊಡಬೇಕೆಂದರೆ, ಸರಳತೆಗೆ ಐದಕ್ಕೆ ಐದು, ಪಿಆರ್‌ನಂಥ ಸಣ್ಣ ಸೇವಾ ಸಂಸ್ಥೆಗೆ ಆಗುವ ಉಪಯೋಗಕ್ಕೆ ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಅಂಕ ಕಡಿಮೆಯಾದದ್ದು, ಪ್ರಮಾಣಪತ್ರ ಕೈಗೆ ಬಂದಷ್ಟು ಸುಲಭವಾಗಿ ಅದರ ಹಿಂದಿರುವ ಹಕ್ಕಿನ ತಿಳಿವಳಿಕೆ ಬರುವುದಿಲ್ಲ ಎಂಬ ಕಾರಣಕ್ಕೆ. ಕರ್ನಾಟಕದ ಸಂಕೇತವಾದ ‘ಕೆಆರ್’ ಇರುವ ಆ ನೋಂದಣಿ ಸಂಖ್ಯೆಯನ್ನು ಐದು ತಿಂಗಳು ಬಿಲ್‌ನ ಮೂಲೆಯಲ್ಲಿ ಅಚ್ಚು ಹಾಕುತ್ತಲೇ ಇದ್ದ ನನಗೂ, ಆಡಿಟರ್ ಹೇಳುವವರೆಗೆ ಅದರ ಅರ್ಥ ತಿಳಿದಿರಲಿಲ್ಲ.

ಗಾಣದ ಎಣ್ಣೆಯವರು ಈಗಲೂ ನನ್ನ ಗ್ರಾಹಕರು. ಕಳೆದ ವರ್ಷ ಬಿಲ್ ನೋಡುತ್ತಾ, “ಇದೇನು ಮೇಡಂ, ಈ ಉದ್ಯಮ್ ನಂಬರು?” ಎಂದು ಕೇಳಿದರು. ವಿವರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೆಂಗಳೂರಿನ ಅಂಗಡಿಗಳ ಒಂದು ಸರಣಿಯವರು ತಮ್ಮ ಎಣ್ಣೆಗೆ ನಾಲ್ಕು ತಿಂಗಳಾದರೂ ಹಣ ಕೊಡದಿರುವುದನ್ನು ಹೇಳಿದರು. ಎಣ್ಣೆ ತಯಾರಿಸುವವರಾದ್ದರಿಂದ, ನೋಂದಣಿ ಮಾಡಿಸಿಕೊಂಡರೆ ಮುಂದಿನ ಬಿಲ್ಲುಗಳಿಗಾದರೂ ಅವರಿಗೂ ಇದೇ ಗಡುವು ಅನ್ವಯಿಸುತ್ತದೆ. ಅದೇ ವಾರ ಅವರ ಮಗ ನೋಂದಣಿ ಮುಗಿಸಿದ. ಅವರ ಬಿಲ್ ಪುಸ್ತಕದ ಹೊಸ ಅಚ್ಚಿಗೆ ಕೆಳಗಿನ ಸಾಲನ್ನು ಕನ್ನಡದಲ್ಲಿ ನಾನೇ ಬರೆದುಕೊಟ್ಟೆ: “ನಮ್ಮದು ನೋಂದಾಯಿತ ಸೂಕ್ಷ್ಮ ಉದ್ಯಮ. ಸರಕು ತಲುಪಿದ 30 ದಿನಗಳೊಳಗೆ ಹಣ ಪಾವತಿಸಬೇಕಾಗಿ ವಿನಂತಿ.”